ಅರಸರಿಗೆಂದು ಮುದ್ರಿಸಿದ ಕಚೇರಿ

ರಾಜಾಜಿನಗರದ ನಮ್ಮ ಮನೆಯಲ್ಲಿ ನಾನು ಆಗಾಗ ಆಲಿಸುವುದು 1950ರ ಮೇ 22ರ ಲಂಡನ್ನಿನ ಒಂದು ಕಚೇರಿಯನ್ನು. ವಾದ್ಯವೃಂದ ಫಿಲ್ಹಾರ್ಮೋನಿಯಾ, ನಿರ್ದೇಶಕರು ಫುರ್ಟ್‌ವೆಂಗ್ಲರ್, ಹಾಡಿದಾಕೆ ನಾರ್ವೆಯ ಫ್ಲಾಗ್‌ಸ್ಟಾಡ್. ರಿಚರ್ಡ್ ಸ್ಟ್ರಾಸ್ 1948ರಲ್ಲಿ ರಚಿಸಿದ ಕೊನೆಯ ನಾಲ್ಕು ಗೀತೆಗಳು ಅಂದೇ ಮೊದಲು ಸಭೆಯನ್ನು ಕಂಡವು. ರಚಿಸಿದಾತ ಹಿಂದಿನ ವರ್ಷವೇ ತೀರಿಕೊಂಡಿದ್ದ. ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅವರಿಗೆ ಕಳುಹಿಸಲೆಂದೇ ಕಚೇರಿಯನ್ನು ಧ್ವನಿಮುದ್ರಿಸಿಕೊಂಡರು. ಗರಗರ ಸದ್ದೇ ಹೆಚ್ಚು, ನಿಜ.

ಕರ್ನಾಟಕ ಸಂಗೀತದ ಕೃತಿಕಾರರಾದ ಅರಸರಿಗೆ ಇದೇಕೆ ಬೇಕಿತ್ತೆಂದು ನನ್ನ ತಂದೆಯವರ ಆಕ್ಷೇಪ. ಶ್ರುತಿಯಿಲ್ಲ, ತಾಳವಿಲ್ಲ, ಬರಿಯ ಅರಚಾಟವೆನ್ನುತ್ತಿದ್ದರು. ಕಡೆಯ ಬೇಸಿಗೆಯಲ್ಲಿ, ಹಾಸಿಗೆ ಹಿಡಿದಿದ್ದಾಗ, "ಆ ಅರಸರ ಹಾಡು ಹಾಕಪ್ಪಾ" ಎಂದರು. ನಾಲ್ಕನೆಯ ಗೀತೆಯ ಕೊನೆಯಲ್ಲಿ ಕೊಳಲುಗಳು ಸಂಜೆಯ ಹಕ್ಕಿಗಳಂತೆ ಉಲಿದವು. ತೊಡೆಯ ಮೇಲೆ ತಾಳ ಹುಡುಕುತ್ತಿದ್ದ ಅವರ ಕೈ ಸುಮ್ಮನಾಗಿತ್ತು. "ಇನ್ನೊಮ್ಮೆ" ಎಂದರು.