ನೆನಪು ಮತ್ತು ನಿರ್ಧಾರ

ಒಂದು ಕಾರ್ಯವನ್ನು ಮಾಡಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಬಂದಾಗ ಹಿಂದಿನ ಅನುಭವವನ್ನು ನೆನೆದು, ತೂಗಿ ನೋಡಿ ತೀರ್ಮಾನಿಸುತ್ತೇವೆಂದು ನಾವೆಲ್ಲರೂ ನಂಬಿದ್ದೇವೆ. ಮನಶ್ಶಾಸ್ತ್ರಜ್ಞರು ಕಂಡ ಸಂಗತಿ ಇಷ್ಟು ಸರಳವಾಗಿಲ್ಲ.

ಜಿನೀವಾ ನಗರದ ವೈದ್ಯರಾದ ಎದುವಾರ್ ಕ್ಲಾಪರೇದ್ ಅವರು 1911ರಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಆಕೆಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದು. ತಿಂಗಳುಗಟ್ಟಲೆ ಆರೈಕೆ ಮಾಡಿದ ದಾದಿಯನ್ನೂ ಗುರುತಿಸಲಾರಳು. ಒಂದು ಸಲ ಕ್ಲಾಪರೇದ್ ಅವರು ಬೆರಳುಗಳ ನಡುವೆ ಗುಂಡುಸೂಜಿಯನ್ನು ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. (ಇಂದು ಇಂಥ ಪರೀಕ್ಷೆಗೆ ಯಾರೂ ಒಪ್ಪಿಗೆ ಕೊಡಲಾರರು, ಕೊಡಲೂ ಬಾರದು.) ಚುಚ್ಚಿದ್ದನ್ನು ಆಕೆ ಸ್ವಲ್ಪ ಹೊತ್ತಿನಲ್ಲಿಯೇ ಮರೆತಳು. ಆದರೆ ಅವರು ಮತ್ತೆ ಕೈ ಚಾಚಿದಾಗ ತಟ್ಟನೆ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಕೇಳಿದರೆ, ಕೈಗಳಲ್ಲಿ ಸೂಜಿ ಅಡಗಿರುವುದೂ ಉಂಟಲ್ಲ ಎಂಬಂತೆ ಉತ್ತರ ಬಂತು. ಚುಚ್ಚಿಸಿಕೊಂಡವಳು ತಾನೇ ಎಂಬುದು ಮಾತ್ರ ಆಕೆಗೆ ತಿಳಿಯದು. ಘಟನೆ ಅಳಿದುಹೋಗಿತ್ತು, ಅದು ಕಲಿಸಿದ ಎಚ್ಚರಿಕೆ ಉಳಿದಿತ್ತು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ಅಮೆರಿಕದ ಅಯೋವಾದಲ್ಲಿ ಆಂಟೋನಿಯೋ ಡಮಾಸಿಯೋ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಒಂದು ಇಸ್ಪೀಟಿನ ಆಟವನ್ನು ಹೂಡಿದರು. ನಾಲ್ಕು ಕಟ್ಟುಗಳು. ಎರಡರಲ್ಲಿ ಪ್ರತಿ ಎಲೆಗೂ 100 ಡಾಲರ್ ಆಟದ ಹಣ ಸಿಕ್ಕುವುದು, ಆದರೆ ನಡುನಡುವೆ ಬೀಳುವ ದಂಡದಿಂದ ಕೊನೆಗೆ ನಷ್ಟವೇ. ಉಳಿದೆರಡರಲ್ಲಿ ಸಿಕ್ಕುವುದು 50 ಡಾಲರ್. ದಂಡ ಕಡಿಮೆಯಾದ್ದರಿಂದ ಕೊನೆಗೆ ಲಾಭ. ಆರೋಗ್ಯವಂತರು ಕೆಲವು ಏಟು ತಿಂದ ಮೇಲೆ ಲಾಭದ ಕಟ್ಟುಗಳಿಗೆ ತಿರುಗಿದರು. ವಿಶೇಷವೇನೆಂದರೆ, ಕಾರಣ ಅವರಿಗೇ ಹೊಳೆಯುವ ಮೊದಲೇ, ಕೆಟ್ಟ ಕಟ್ಟಿನತ್ತ ಕೈ ಚಾಚುವಾಗ ಅಂಗೈ ಸಣ್ಣಗೆ ಬೆವರುತ್ತಿತ್ತು. ಹಣೆಯ ಹಿಂದಿನ ಮಿದುಳಿನ ಕೆಳಭಾಗ ಕೆಟ್ಟಿದ್ದವರಿಗೆ ಈ ಬೆವರು ಬರಲಿಲ್ಲ. ಅವರಲ್ಲಿ ಕೆಲವರು ಕೆಟ್ಟ ಕಟ್ಟು ಯಾವುದೆಂದು ಬಾಯಲ್ಲಿ ಸರಿಯಾಗಿ ಹೇಳಿದರು. ಕೈ ಮಾತ್ರ ಅಲ್ಲಿಗೇ ಹೋಗುತ್ತಿತ್ತು! ದೇಹದ ಇಂಥ ಸೂಚನೆಗಳೇ ನಿರ್ಧಾರಕ್ಕೆ ದಾರಿ ತೋರುತ್ತವೆಂಬ ಡಮಾಸಿಯೋ ಅವರ ವಾದವನ್ನು ಪೂರ್ಣವಾಗಿ ಒಪ್ಪದ ವಿದ್ವಾಂಸರೂ ಇದ್ದಾರೆ.

ಹಾಗಾದರೆ ಮನಸ್ಸನ್ನು ಹತೋಟಿಯಲ್ಲಿಡಿ ಎಂದು ಹಿರಿಯರು ಬುದ್ಧಿ ಹೇಳಿದಾಗ ನಾವು ಹಿಡಿಯಬೇಕಾದುದು ಬಾಯಿ ಬಲ್ಲ ನೆನಪನ್ನೋ, ಕೈ ಬಲ್ಲ ನೆನಪನ್ನೋ?

ಚರಿತ್ರೆಯಲ್ಲಿ ಆಸಕ್ತಿಯಿದ್ದುದರಿಂದ ಕಲಾ ವಿಭಾಗಕ್ಕೆ ಸೇರಿದೆನೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಇಂದಿಗೂ ಯಾರಾದರೂ ಕರಿಹಲಗೆಯ ಮೇಲೆ ಬೀಜಗಣಿತದ ಲೆಕ್ಕ ಬರೆದರೆ ನನ್ನ ಅಂಗೈ ಬೆವರುತ್ತದೆ. ಹೈಸ್ಕೂಲಿನಲ್ಲಿ ಆ ಅಂಗೈ ಮೇಲೆ ಬಿದ್ದ ಬೆತ್ತದ ಏಟುಗಳು ಎಷ್ಟು, ಯಾವ ಲೆಕ್ಕಕ್ಕೆ ಎಂಬುದೊಂದೂ ಈಗ ನೆನಪಿಲ್ಲ. ಪ್ರವೇಶದ ಅರ್ಜಿಯನ್ನು ತುಂಬುವಾಗ ಆಸಕ್ತಿಯ ಪಾಲೆಷ್ಟು, ಬೆತ್ತದ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನ್ನಿಂದಾಗದು.