ಹಳೆ ಕಾರಿನ ಲಟಲಟ: ಕಮಟು ಹಿಡಿದ ಪ್ಲಾಸ್ಟಿಕ್ಕಿನ ಕಥೆ

ದಾವಣಗೆರೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಕಾರಿಗೆ 14 ವರ್ಷ. ಎಂಜಿನ್ ಇನ್ನೂ ಗಟ್ಟಿಮುಟ್ಟು. ಆದರೆ ಹಂಪ್ ದಾಟಿದರೆ ಸಾಕು, ಡ್ಯಾಶ್‌ಬೋರ್ಡಿನಿಂದ ಲಟಲಟ, ಬಾಗಿಲಿನಿಂದ ಕಟಕಟ. ಮೊನ್ನೆ ಪವರ್ ವಿಂಡೋ ರಿಪೇರಿಗೆಂದು ಡೋರ್ ಪ್ಯಾಡ್ ಬಿಚ್ಚಿದಾಗ ಅದರ ಹಿಂದಿನ ಕ್ಲಿಪ್ಪುಗಳಲ್ಲಿ ಹೆಚ್ಚಿನವು ಚಟಚಟನೆ ಮುರಿದುಹೋದವು. ಕೆಲವೇ ವರ್ಷಗಳ ಹಿಂದೆ ಅದೇ ಪ್ಯಾಡ್ ಬಿಚ್ಚಿ ಹಾಕಿದಾಗ ಒಂದೂ ಮುರಿದಿರಲಿಲ್ಲವಂತೆ. ಅಷ್ಟು ವರ್ಷ ಸರಿಯಿದ್ದ ಪ್ಲಾಸ್ಟಿಕ್ ಈಗ ಒಮ್ಮೆಲೇ ಪೆಡಸಾಗಿದ್ದು ಹೇಗೆ? ಪಾಲಿಶ್ ತಿಕ್ಕಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆಯೇ?

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಬರುವುದಿಲ್ಲ. ಮೊದಲನೆಯದಕ್ಕೆ ಉತ್ತರ ಹುಡುಕಲು ಅಡುಗೆಮನೆಗೆ ಹೋಗಬೇಕು.

ಎಣ್ಣೆ ಡಬ್ಬಿ ತೆರೆದಿಟ್ಟರೆ ಅದು ಕಮಟುವುದು ಎಲ್ಲರಿಗೂ ಗೊತ್ತು. ಆದರೆ ಆ ಕಮಟು ದಿನಕ್ಕಿಷ್ಟು ಎಂದು ಲೆಕ್ಕವಿಟ್ಟು ಬೆಳೆಯುವುದಿಲ್ಲ. ವಾರಗಟ್ಟಲೆ ವಾಸನೆಯೇ ಇರುವುದಿಲ್ಲ, ಆಮೇಲೆ ನಾಲ್ಕಾರು ದಿನದಲ್ಲಿ ಮೂಗು ಮುಚ್ಚುವಂತಾಗುತ್ತದೆ. ಒಳಗೆ ನಡೆಯುವುದು ಇಷ್ಟು. ಎಣ್ಣೆಯ ಅಣುವಿನಿಂದ ಒಂದು ಹೈಡ್ರೋಜನ್ ಕಳಚಿಕೊಂಡರೆ ಅಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನ್ ಉಳಿಯುತ್ತದೆ. ಇದೇ ಫ್ರೀ ರ‍್ಯಾಡಿಕಲ್. ಗಾಳಿಯ ಆಕ್ಸಿಜನ್ ತಕ್ಷಣ ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟಿದ ಹೊಸ ರ‍್ಯಾಡಿಕಲ್ ಪಕ್ಕದ ಅಣುವಿನ ಹೈಡ್ರೋಜನ್ನನ್ನು ಕಿತ್ತುಕೊಂಡು ತಾನು ಪೆರಾಕ್ಸೈಡ್ ಆಗುತ್ತದೆ. ಆ ಪೆರಾಕ್ಸೈಡ್ ಬಿಸಿಗೋ ಬೆಳಕಿಗೋ ಒಡೆದು ಎರಡು ರ‍್ಯಾಡಿಕಲ್ ಕೊಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹಾಗಿದ್ದರೆ ಮೊದಲ ದಿನವೇ ಏಕೆ ಕಮಟುವುದಿಲ್ಲ? ಎಣ್ಣೆಯಲ್ಲಿ ಸಹಜವಾಗಿಯೇ ಇರುವ ವಿಟಮಿನ್ ಇ ಈ ರ‍್ಯಾಡಿಕಲ್‌ಗಳಿಗೆ ತನ್ನ ಹೈಡ್ರೋಜನ್ ಕೊಟ್ಟು ಸರಪಳಿಯನ್ನು ಅಲ್ಲಲ್ಲೇ ತುಂಡರಿಸುತ್ತಿರುತ್ತದೆ. ಕೊಡುತ್ತ ಕೊಡುತ್ತ ತಾನೇ ಮುಗಿದುಹೋಗುತ್ತದೆ. ಅದು ಮುಗಿದ ದಿನದಿಂದ ತಡೆಯುವವರಿಲ್ಲ.

ಡ್ಯಾಶ್‌ಬೋರ್ಡಿನ ಪಾಲಿಪ್ರೊಪಿಲೀನ್‌ನಲ್ಲಿ ನಡೆಯುವುದೂ ಇದೇ ಸರಪಳಿ ಕ್ರಿಯೆ. ಈ ಹೋಲಿಕೆ ನಾನು ಕಟ್ಟಿದ್ದಲ್ಲ, ವಿಜ್ಞಾನದ ಚರಿತ್ರೆಯಲ್ಲೇ ಇದೆ. ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ರಬ್ಬರ್ ಬೆಳೆಗಾರರ ಸಂಶೋಧನಾ ಸಂಸ್ಥೆಯೊಂದಿತ್ತು. ರಬ್ಬರ್ ಏಕೆ ಹಳತಾಗಿ ಹಾಳಾಗುತ್ತದೆ ಎಂದು ಕಂಡುಹಿಡಿಯುವುದು ಅಲ್ಲಿನ ಜೆ. ಎಲ್. ಬೋಲಂಡ್ ಅವರ ಕೆಲಸವಾಗಿತ್ತು. ರಬ್ಬರಿನ ಅಣು ವಿಪರೀತ ಉದ್ದ, ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ಬೋಲಂಡ್ ಎಥಿಲ್ ಲಿನೋಲಿಯೇಟ್ ಎಂಬ ಸಣ್ಣ ಅಣುವನ್ನು ಆರಿಸಿಕೊಂಡರು. ನಮ್ಮ ಉತ್ತರ ಕರ್ನಾಟಕದವರು ಬಳಸುವ ಕುಸುಬೆ ಎಣ್ಣೆಯಲ್ಲಿ ಧಾರಾಳವಾಗಿರುವ ಲಿನೋಲಿಯಿಕ್ ಆಮ್ಲದ ನೇರ ಸಂಬಂಧಿ ಅದು. ಅದು ಆಕ್ಸಿಜನ್ ಹೀರುವ ವೇಗ ಅಳೆದು, ಸಹೋದ್ಯೋಗಿ ಜೆಫ್ರಿ ಗೀ ಜೊತೆಗೂಡಿ 1946ರಲ್ಲಿ ಅವರು ಬರೆದಿಟ್ಟ ಸಮೀಕರಣಗಳೇ ಇಂದಿಗೂ ಪ್ಲಾಸ್ಟಿಕ್ಕಿನ ಆಯುಷ್ಯ ಲೆಕ್ಕ ಹಾಕುವವರಿಗೆ ಮೊದಲ ಪಾಠ. ಆಗ ಪಾಲಿಪ್ರೊಪಿಲೀನ್ ಇನ್ನೂ ಹುಟ್ಟಿಯೇ ಇರಲಿಲ್ಲ! ಕಾರ್ಲ್ ಝೀಗ್ಲರ್ ಅವರ ವೇಗವರ್ಧಕವನ್ನು ಬಳಸಿ ಮಿಲಾನಿನ ಜೂಲಿಯೊ ನಟ್ಟಾ ಅವರ ಬಳಗ ಅದನ್ನು ಸ್ಫಟಿಕ ರೂಪದಲ್ಲಿ ತಯಾರಿಸಿದ್ದು 1954ರಲ್ಲಿ. ಇಬ್ಬರಿಗೂ ನೊಬೆಲ್ ಬಂದದ್ದು 1963ರಲ್ಲಿ.

ಪಾಲಿಪ್ರೊಪಿಲೀನ್ ಅಗ್ಗ, ಹಗುರ, ಗಟ್ಟಿ. ಆದರೆ ಅದರ ಎಳೆಯುದ್ದಕ್ಕೂ ಒಂದು ಬಿಟ್ಟು ಒಂದು ಕಾರ್ಬನ್ನಿನ ಮೇಲೆ ಸುಲಭವಾಗಿ ಕಳಚುವ ಹೈಡ್ರೋಜನ್ ಇದೆ. ಹಾಗಾಗಿ ಬರಿಯ ಪಾಲಿಪ್ರೊಪಿಲೀನ್ ಬಿಸಿಲಿಗೆ ಬಹಳ ಬೇಗ ಸೋಲುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ತೂಕದ ಸಾವಿರಕ್ಕೆ ಒಂದೆರಡು ಪಾಲಿನಷ್ಟು ಉತ್ಕರ್ಷಣ ನಿರೋಧಕ ಬೆರೆಸುತ್ತಾರೆ. ಈ ಜಾತಿಯ ರಾಸಾಯನಿಕಗಳಲ್ಲಿ ಬಿಎಚ್‌ಟಿ ಹಳೆಯದು. ಕರಿದ ತಿಂಡಿಯ ಎಣ್ಣೆ ಕಮಟದಿರಲಿ ಎಂದು ಬಳಸುವುದೂ ಅದನ್ನೇ. ಕಾರಿನ ಬಿಸಿಗೆ ಬಿಎಚ್‌ಟಿ ಆವಿಯಾಗುತ್ತದೆಂದು ಅದೇ ಕುಟುಂಬದ ಭಾರದ ಅಣುಗಳನ್ನು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. 1970ರ ದಶಕದಲ್ಲಿ ಬೆಳಕಿನಿಂದ ಕಾಪಾಡುವ ಅಮೀನ್ ಸಂಯುಕ್ತಗಳೂ ಸೇರಿಕೊಂಡವು. ಕಾರು ಹೊಸದಿದ್ದಾಗಲೇ ಈ ದಾಸ್ತಾನು ಖರ್ಚಾಗಲು ಶುರುವಾಗಿರುತ್ತದೆ. ಆದರೆ ಅದು ಮುಗಿಯುವವರೆಗೆ ಪ್ಲಾಸ್ಟಿಕ್ಕಿನ ಬಲ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮುಗಿದ ಮೇಲೆ ಉದ್ದನೆಯ ಎಳೆಗಳು ತುಂಡಾಗತೊಡಗುತ್ತವೆ. ಪ್ಲಾಸ್ಟಿಕ್ ಬಾಗಿದರೂ ಮುರಿಯದಿರುವುದು ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ. ಒಂದು ಮಿತಿಗಿಂತ ಗಿಡ್ಡವಾದರೆ ಸಿಕ್ಕು ಬಿಡಿಸಿಕೊಳ್ಳುತ್ತವೆ. ಆಗ ಬಾಗಬೇಕಾದದ್ದು ಚಟ್ಟನೆ ಮುರಿಯುತ್ತದೆ. ದಾವಣಗೆರೆಯವರ ಡೋರ್ ಪ್ಯಾಡಿನಲ್ಲಿ ಎರಡು ಬಿಚ್ಚಾಟಗಳ ನಡುವೆ ಮುಗಿದದ್ದು ಈ ದಾಸ್ತಾನು.

ಇದರ ವೇಗ ನಿರ್ಧರಿಸುವುದು ಬಿಸಿ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ಬೇಸಿಗೆ ಬಿಸಿಲಿಗೆ ಕಾರುಗಳನ್ನು ನಿಲ್ಲಿಸಿ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದೇ ಗಂಟೆಯಲ್ಲಿ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಡ್ಯಾಶ್‌ಬೋರ್ಡ್ 69 ಡಿಗ್ರಿ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬುದು ಒರಟು ಲೆಕ್ಕ. ಆ ಲೆಕ್ಕದಲ್ಲಿ ನೆರಳಿನ 29 ಡಿಗ್ರಿಗೆ ಹೋಲಿಸಿದರೆ 69 ಡಿಗ್ರಿಯಲ್ಲಿ ವೇಗ 16 ಪಟ್ಟು. ಕಾರಿನ ಆಯುಷ್ಯವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಎಂಜಿನ್ನಿಗೆ ಸರಿ. ಪ್ಲಾಸ್ಟಿಕ್ಕಿಗೆ ಅಳೆಯಬೇಕಾದದ್ದು ಬಿಸಿಲಲ್ಲಿ ನಿಂತ ಗಂಟೆಗಳನ್ನು. ಕಡಿಮೆ ಓಡಿದೆ ಎಂದು ಕೊಂಡ ಹಳೆ ಕಾರಿನ ಒಳಗೆಲ್ಲ ಬಿರುಕು ಬಿಟ್ಟಿರುವುದು ಇದರಿಂದಲೇ.

ಕರಾವಳಿಯವರ ದೂರು ಬೇರೆ: ಸ್ವಿಚ್ಚು, ಹಿಡಿಕೆಗಳ ಮೇಲಿನ ಮೆತ್ತನೆಯ ಲೇಪ ಅಂಟಂಟಾಗುತ್ತದೆ. ಅದು ಪಾಲಿಯುರೆಥೇನ್. ತೇವಕ್ಕೆ ನೀರಿನ ಅಣುಗಳೇ ಅದರ ಎಳೆಗಳನ್ನು ಕಡಿಯುತ್ತವೆ. ಸರಿಮಾಡಲಾಗದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಲೇಪವನ್ನೇ ಒರೆಸಿ ತೆಗೆಯಬೇಕು.

ಇನ್ನು ಸದ್ದು. ಇದರಲ್ಲಿ ಎರಡು ಜಾತಿ, ಮದ್ದೂ ಎರಡು. ಲಟಲಟ ಎಂದರೆ ಸಡಿಲವಾದ ಎರಡು ಭಾಗ ಒಂದಕ್ಕೊಂದು ಬಡಿಯುತ್ತಿವೆ. ಕಿರ್‌ಕಿರ್ ಎಂದರೆ ಎರಡು ಭಾಗ ಬಿಗಿಯಾಗಿಯೇ ಇದ್ದು ಒಂದರ ಮೇಲೊಂದು ಉಜ್ಜುತ್ತಿವೆ. ಉಜ್ಜುವಾಗ ಮೇಲ್ಮೈಗಳು ಒಂದು ಕ್ಷಣ ಅಂಟುತ್ತವೆ, ಸೆಳೆತ ಹೆಚ್ಚಾದಾಗ ಜಾರುತ್ತವೆ, ಮತ್ತೆ ಅಂಟುತ್ತವೆ. ಸೆಕೆಂಡಿಗೆ ನೂರಾರು ಸಲ ನಡೆದರೆ ಅದು ಕಿವಿಗೆ ಸದ್ದು. ಕೇಂಬ್ರಿಜ್‌ನ ಬೌಡನ್ ಮತ್ತು ಲೆಬೆನ್ 1939ರಲ್ಲಿ ಲೋಹಗಳನ್ನು ಜಾರಿಸಿ ಈ ಅಂಟು-ಜಾರು ಚಲನೆಯನ್ನು ದಾಖಲಿಸಿದ್ದರು. ನಿಶ್ಚಲ ಘರ್ಷಣೆ ಚಲ ಘರ್ಷಣೆಗಿಂತ ಎಷ್ಟು ಹೆಚ್ಚೋ ಅಷ್ಟು ಜೋರು ಈ ಸದ್ದು. ಆದ್ದರಿಂದ ಕಿರ್‌ಕಿರ್ ಎನ್ನುವುದನ್ನು ಇನ್ನಷ್ಟು ಬಿಗಿ ಮಾಡಿದರೆ ಸದ್ದು ಹೋಗದೆ ಹೆಚ್ಚಾಗಬಹುದು.

ಬೆಳಿಗ್ಗೆ ಬರುವ ಸದ್ದು ಮಧ್ಯಾಹ್ನ ಮಾಯವಾಗುವುದನ್ನು ಬಹಳ ಜನ ಗಮನಿಸಿರುತ್ತಾರೆ. 1.4 ಮೀಟರ್ ಅಗಲದ ಡ್ಯಾಶ್‌ಬೋರ್ಡ್ 40 ಡಿಗ್ರಿ ಬಿಸಿಯಾದರೆ ಅದರ ಪಾಲಿಪ್ರೊಪಿಲೀನ್ ಸುಮಾರು 4 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಹಿಂದೆ ಅದನ್ನು ಹಿಡಿದಿರುವ ಉಕ್ಕಿನ ಅಡ್ಡಪಟ್ಟಿ ಮುಕ್ಕಾಲು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಈ ಹಗ್ಗಜಗ್ಗಾಟ ದಿನವೂ ಬೀಳುವುದು ಕ್ಲಿಪ್ಪು ಮತ್ತು ಲಾಕ್‌ಗಳ ಮೇಲೆ. ವರ್ಷಗಟ್ಟಲೆ ಒಂದೇ ಒತ್ತಡದಲ್ಲಿ ಬಾಗಿ ನಿಂತ ಪ್ಲಾಸ್ಟಿಕ್ ಆ ಬಾಗಿಗೇ ಒಗ್ಗಿಕೊಳ್ಳುತ್ತದೆ. ಮುರಿಯದಿದ್ದರೂ ಹಿಡಿತ ಬಿಡುತ್ತದೆ.

ರಿಪೇರಿಗೆ ಕೈಹಾಕುವ ಮುನ್ನ ಮಾಡಬೇಕಾದ ಕೆಲಸ, ಕಳಚಿದ ಭಾಗವನ್ನು ಬೆನ್ನು ಮೇಲಾಗಿ ಬೆಳಕಿಗೆ ಹಿಡಿಯುವುದು. ಅಚ್ಚಿನಲ್ಲೇ ಮೂಡಿದ ಸಣ್ಣ ಅಕ್ಷರಗಳು ಕಾಣುತ್ತವೆ, ಎರಡು ಬಾಣದ ತಲೆಗಳ ನಡುವೆ: ಪಿಪಿ+ಇಪಿಡಿಎಂ-ಟಿ20, ಅಥವಾ ಎಬಿಎಸ್, ಅಥವಾ ಪಿಸಿ+ಎಬಿಎಸ್. ಮೊದಲನೆಯದನ್ನು ಬಿಡಿಸಿ ಓದಿದರೆ, ರಬ್ಬರ್ ಬೆರೆತ ಪಾಲಿಪ್ರೊಪಿಲೀನ್, ಅದರಲ್ಲಿ ನೂರಕ್ಕೆ 20 ಪಾಲು ಟ್ಯಾಲ್ಕ್. ಮರುಬಳಕೆಯವರಿಗಾಗಿ ಐಎಸ್‌ಒ ಮಾಡಿದ ಗುರುತು ಇದು. ನಮಗೆ ಇದು ಯಾವ ಅಂಟು ಹಿಡಿಯುತ್ತದೆಂದು ಹೇಳುತ್ತದೆ. ಪಾಲಿಪ್ರೊಪಿಲೀನ್ ಮೇಲೆ ನೀರೇ ಹರಡದೆ ಹನಿಯಾಗಿ ನಿಲ್ಲುತ್ತದೆ. ಫೆವಿಕ್ವಿಕ್ ಕೂಡ ಅಷ್ಟೇ, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದುಬರುತ್ತದೆ. ಅದಕ್ಕೆ ಕಾಯಿಸಿ ಬೆಸೆಯುವುದೇ ದಾರಿ. ಬಂಪರ್ ವೆಲ್ಡಿಂಗ್ ಮಾಡುವವರು ಪಾಲಿಪ್ರೊಪಿಲೀನ್ ಕಡ್ಡಿ ಕರಗಿಸಿ, ಒಳಗೆ ಲೋಹದ ಜಾಲರಿ ಕೂರಿಸಿ ಇದನ್ನೇ ಮಾಡುತ್ತಾರೆ. ಎಬಿಎಸ್ ಆದರೆ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿ ಗಂಜಿ ಮಾಡಿ ಹಿಂಬದಿಗೆ ಹಚ್ಚಿದರೆ ಮುರಿದ ಲಾಕ್ ಮೂಲ ವಸ್ತುವಿನಿಂದಲೇ ಬೆಸೆದುಕೊಳ್ಳುತ್ತದೆ. ಬಿರುಕು ಇನ್ನೂ ಓಡುತ್ತಿದ್ದರೆ ಅದರ ತುದಿಗೆ ಸಣ್ಣ ತೂತು ಕೊರೆಯಿರಿ. ಚೂಪು ತುದಿಯಲ್ಲಿ ಒತ್ತಡ ಹೇಗೆ ಹಲವು ಪಟ್ಟಾಗುತ್ತದೆಂದು ಇಂಗ್ಲಿಸ್ ಎಂಬ ಎಂಜಿನಿಯರ್ 1913ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ದುಂಡು ತೂತು ಆ ಒತ್ತಡವನ್ನು ಹಂಚುತ್ತದೆ.

ಕ್ಲಿಪ್ಪುಗಳಲ್ಲಿ ಕೆಲವು ನೈಲಾನಿನವು, ಅವುಗಳ ಕಥೆ ಸ್ವಾರಸ್ಯದ್ದು. ವ್ಯಾಲೇಸ್ ಕರಾದರ್ಸ್ ಅವರ ಪ್ರಯೋಗಾಲಯದಲ್ಲಿ 1935ರಲ್ಲಿ ಹುಟ್ಟಿದ ನೈಲಾನ್ 66 ಗಾಳಿಯಿಂದ ನೀರು ಹೀರುತ್ತದೆ. ಸಾಧಾರಣ ತೇವದಲ್ಲಿ ತೂಕದ ಶೇಕಡಾ 2.5ರಷ್ಟು ನೀರು ಅದರೊಳಗಿರುತ್ತದೆ. ಎಳೆಗಳ ನಡುವೆ ಸೇರಿ ಅವು ಸರಿದಾಡಲು ಬಿಡುವುದು ಆ ನೀರೇ. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಒಣಗಿ ಪೆಡಸಾಗುತ್ತದೆ. ಹೊಸ ನೈಲಾನ್ ಕ್ಲಿಪ್ಪುಗಳನ್ನು ಹಾಕುವ ಮುನ್ನ ಕೆಲವು ಗಂಟೆ ಬಿಸಿನೀರಿನಲ್ಲಿ ನೆನೆಸಿದರೆ ಒಳ್ಳೆಯದು. ಹಳೆಯವು ಹಳದಿಗೆ ತಿರುಗಿದ್ದರೆ ಅದು ಕಮಟಿದ ಗುರುತು, ನೀರಿನಿಂದ ಏನೂ ಆಗದು. ಅಸಿಟಾಲ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳಿಗೂ ಈ ಉಪಾಯ ನಡೆಯುವುದಿಲ್ಲ. ಪ್ಯಾಡ್ ಕಳಚುವಾಗ ಮಾತ್ರ ಎಲ್ಲ ಜಾತಿಗೂ ಬಿಸುಪು ಹಿತ. ತಂಪು ಬೆಳಗಿನಲ್ಲಿ ಮೀಟುವ ಬದಲು ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ ಮೀಟಿ.

ಲಟಲಟ ಎಲ್ಲಿಂದ ಬರುತ್ತದೆಂದು ತಿಳಿಯಲು ಪಕ್ಕದಲ್ಲಿ ಕುಳಿತವರು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತುತ್ತ ಹೋಗಬೇಕು. ಒತ್ತಿದಾಗ ಎಲ್ಲಿ ನಿಲ್ಲುತ್ತದೋ ಅದರ ಅಂಚೇ ಅಪರಾಧಿ. ಅಲ್ಲಿ ಫೆಲ್ಟ್ ಟೇಪ್ ಅಥವಾ ತೆಳು ಸ್ಪಾಂಜ್ ಪಟ್ಟಿ ಅಂಟಿಸಿದರೆ ಬಡಿತ ನಿಲ್ಲುತ್ತದೆ. ಹಿಂದೆ ತೂಗಾಡುವ ವೈರಿನ ಕಟ್ಟುಗಳಿಗೂ ಅದನ್ನೇ ಸುತ್ತಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಕಿರುಗುಟ್ಟಿದರೆ ತುಸುವೇ ಸಿಲಿಕೋನ್ ಗ್ರೀಸ್ ಸಾಕು. ಸಿಕ್ಕ ಸಿಕ್ಕ ಸ್ಪ್ರೇ, ಪೆಟ್ರೋಲ್, ಥಿನ್ನರ್ ಮಾತ್ರ ಬೇಡವೇ ಬೇಡ. ಎಬಿಎಸ್ ಮತ್ತು ಪಾಲಿಕಾರ್ಬನೇಟ್ ಒತ್ತಡದಲ್ಲಿದ್ದಾಗ ಕೆಲವು ಎಣ್ಣೆ, ದ್ರಾವಕ ತಾಗಿದರೆ ಹೊಸ ಬಿರುಕು ಹುಟ್ಟುತ್ತದೆ. ಏರ್‌ಬ್ಯಾಗ್ ಇರುವ ಕಡೆ, ಅಂದರೆ ಸ್ಟೀರಿಂಗ್, ಎಡಗಡೆಯ ಡ್ಯಾಶ್‌ಬೋರ್ಡ್ ಮತ್ತು ಕೆಲವು ಕಾರುಗಳ ಕಂಬಗಳ ಕವಚ, ಅಂಟು ಟೇಪುಗಳ ಪ್ರಯೋಗ ಸಲ್ಲದು. ಅವು ಸರಿಯಾದ ಕ್ಷಣದಲ್ಲಿ ತೆರೆದುಕೊಳ್ಳಲೇಬೇಕು. ಅದು ತರಬೇತಿ ಪಡೆದವರ ಕೆಲಸ.

ಪಾಲಿಶ್ ಬಗ್ಗೆ ಇನ್ನೊಂದು ಮಾತು. ಜೀವ ತುಂಬುತ್ತದೆ ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಬಹುಪಾಲು ಸೀಸೆಗಳಲ್ಲಿರುವುದು ನೀರಿನಲ್ಲಿ ಕದಡಿದ ಸಿಲಿಕೋನ್ ಎಣ್ಣೆ. ಮೇಲ್ಮೈಯ ಸೂಕ್ಷ್ಮ ಬಿರುಕುಗಳಲ್ಲಿ ಅದು ತುಂಬಿಕೊಂಡಾಗ ಬೆಳಕು ಚದರುವುದು ಕಡಿಮೆಯಾಗಿ ಬೂದುಬಣ್ಣ ಕಪ್ಪಾಗಿ ಕಾಣುತ್ತದೆ. ಒಳಗೆ ತುಂಡಾದ ಎಳೆ ಕೂಡುವುದಿಲ್ಲ, ಮುಗಿದ ನಿರೋಧಕ ಮರಳುವುದಿಲ್ಲ. ಆಮೇಲೆ ಅದೇ ಜಾಗಕ್ಕೆ ಟೇಪ್ ಅಂಟಿಸಲು ಹೋದರೆ ಆ ಸಿಲಿಕೋನ್ ಅಡ್ಡಬರುತ್ತದೆ. ಆ ದುಡ್ಡಿಗೆ ಮುಂಗಾಜಿನ ಒಳಗೆ ಹಿಡಿಯುವ ಹೊಳಪಿನ ಪರದೆ ಕೊಳ್ಳಿ. ಎರಡು ಪದರದ ಮುಂಗಾಜು ನೇರಳಾತೀತ ಕಿರಣವನ್ನು ಬಹುತೇಕ ತಡೆಯುತ್ತದೆ, ಆದರೆ ಬಿಸಿ ಒಳಗೆ ಬಂದೇ ಬರುತ್ತದೆ. ಡ್ಯಾಶ್‌ಬೋರ್ಡ್ 10 ಡಿಗ್ರಿ ತಂಪಾಗಿದ್ದರೂ ಒರಟು ಲೆಕ್ಕದಲ್ಲಿ ಉಳಿದ ಆಯುಷ್ಯ ಇಮ್ಮಡಿ.

ದಾವಣಗೆರೆಯವರು ಒಂದು ಬಾಗಿಲಿಗೆ ಮಾತ್ರ ಕ್ಲಿಪ್ಪು ತರಿಸಿದ್ದಾರಂತೆ. ಉಳಿದ ಮೂರು ಬಾಗಿಲಿಗೂ ಈಗಲೇ ತರಿಸಿಟ್ಟುಕೊಳ್ಳಲಿ. ಅವುಗಳಿಗೂ 14 ವರ್ಷ, ಅದೇ ಬಿಸಿಲು.