ದುಂಡನೆಯ ಠ ಅಡ್ಡಡ್ಡ ಹಿಗ್ಗಿದ್ದೇಕೆ?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಳ್ಳುವ ಉತ್ಸಾಹ ಈಗ ಹೆಚ್ಚಿದೆ. ಖಾನಾಪುರದ ವಿದ್ಯಾರ್ಥಿಯೊಬ್ಬರ ಪ್ರಶ್ನೆಯೂ ಅದರದ್ದೇ: ‘ಅಣ್ಣನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದೆ. ವೈಫೈ, ಸೌಂಡ್ ಎಲ್ಲ ಸರಿ. ಕನ್ನಡ ಅಕ್ಷರ ಮಾತ್ರ ಅಡ್ಡಕ್ಕೆ ಎಳೆದಂತಿವೆ, ಒತ್ತಕ್ಷರ ಮಸುಕು. ಬೆಳಗಾವಿಯಲ್ಲಿ ತೋರಿಸಿದರೆ ಡಿಸ್‌ಪ್ಲೇ ಬದಲಿಸಿ ಅಂದರು. ಬದಲಿಸಲೇ?’

ಬದಲಿಸಬೇಡಿ. ನಿಮ್ಮ ಪರದೆ ಗಟ್ಟಿಮುಟ್ಟಾಗಿದೆ. ಅದನ್ನು ಯಾರೂ ಮಾತನಾಡಿಸಿಲ್ಲ, ಅಷ್ಟೇ.

ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳ ಲೆಕ್ಕ ಕಾರ್ಖಾನೆಯಲ್ಲೇ ನಿಗದಿ. ನಿಮ್ಮದರಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768. ಲಿನಕ್ಸ್ ಕಳಿಸುತ್ತಿರುವುದು 1024×768ರ ಚಿತ್ರ. ಉದ್ದದಲ್ಲಿ ಏನೂ ಬದಲಾಗದು, ಅಗಲದಲ್ಲಿ ಮೂರು ಪಿಕ್ಸೆಲ್‌ಗಳ ಬಣ್ಣವನ್ನು ನಾಲ್ಕಕ್ಕೆ ಹಂಚಬೇಕು. ಹಾಗಾಗಿ ಠ ಮೂರನೇ ಒಂದರಷ್ಟು ಅಗಲವಾಗುತ್ತದೆ, ಅಂಚುಗಳ ಬಣ್ಣ ಅಕ್ಕಪಕ್ಕಕ್ಕೆ ಸೋರಿ ಒತ್ತಕ್ಷರದ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಇಂಗ್ಲಿಷ್ ಓದುವವರು ಇದನ್ನು ವಾರಗಟ್ಟಲೆ ಗಮನಿಸದೇ ಇರಬಹುದು. ಅವರ ಅಕ್ಷರಗಳಲ್ಲಿ ನೆಟ್ಟಗಿನ ಗೆರೆಗಳೇ ಹೆಚ್ಚು. ಕನ್ನಡದ ದುಂಡು ತಕ್ಷಣ ದೂರು ಹೇಳುತ್ತದೆ.

ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗದ ಮಗ್ಗಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಮಗ್ಗಕ್ಕೆ ಹಾಸು ಏರಿಸಿದ ಮೇಲೆ ಎಳೆಗಳು ಎಷ್ಟೋ ಅಷ್ಟೇ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಜಕಾರ್ಡಿನ ತೂತು ಕೊರೆದ ರಟ್ಟುಗಳು ಹೇಳುತ್ತವೆ. 1024 ಎಳೆಗೆ ಕೊರೆದ ರಟ್ಟನ್ನು 1366 ಎಳೆಯ ಮಗ್ಗಕ್ಕೆ ಜೋಡಿಸಿದರೆ ಸೆರಗಿನ ಹೂವು ಹೂವಾಗಿ ಬಾರದು. ಲಾಳಿಯನ್ನೂ ಗಮನಿಸಿ. ಅದು ಬಟ್ಟೆಯ ಅಂಚಿನಲ್ಲೇ ತಿರುಗುವುದಿಲ್ಲ. ಅಂಚು ದಾಟಿ ಪೆಟ್ಟಿಗೆ ಸೇರಿ ಮರಳುತ್ತದೆ. ಆ ಹೊತ್ತಿನಲ್ಲಿ ನೇಯ್ಗೆ ಇಲ್ಲ, ಆದರೆ ಮಗ್ಗದ ವೇಗ ಕಟ್ಟುವಾಗ ಆ ಹೊತ್ತನ್ನೂ ಸೇರಿಸಲೇಬೇಕು. ಚಿತ್ರದ ಸಂಕೇತವೂ ಹೀಗೆಯೇ. 1368 ಪಿಕ್ಸೆಲ್ ಕಾಣಿಸಲು (1366 ಏಕಲ್ಲ ಎಂಬುದು ಮುಂದೆ ಬರುತ್ತದೆ) ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆಯ ಸಿವಿಟಿ ಸೂತ್ರ ಒಂದು ಸಾಲಿಗೆ 1784ರವರೆಗೆ ಎಣಿಸುತ್ತದೆ, 768 ಸಾಲಿಗೆ 798ರವರೆಗೆ. ಸೆಕೆಂಡಿಗೆ ಸುಮಾರು 60 ಸಲ ಇದೆಲ್ಲ ಮುಗಿಯಬೇಕಾದರೆ ಎಂಟೂವರೆ ಕೋಟಿ ಪಿಕ್ಸೆಲ್‌ಗಳ ಲೆಕ್ಕ. ಹಳೆಯ ಟ್ಯೂಬಿನ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣ ಸಾಲಿನ ತುದಿಯಿಂದ ಮರಳಲು ಬೇಕಿದ್ದ ಬಿಡುವು ಇದು. ಎಲ್‌ಸಿಡಿಯಲ್ಲಿ ಕಿರಣ ಇಲ್ಲ, ಬಿಡುವು ಮಾತ್ರ ಉಳಿದುಕೊಂಡಿದೆ. ಈ ಅಂಕಿಗಳ ಸಾಲಿಗೆ ಲಿನಕ್ಸ್ ಬಳಗದಲ್ಲಿ ಮೋಡ್‌ಲೈನ್ ಎನ್ನುತ್ತಾರೆ.

ಆ ಅಂಕಿಗಳು ಯಾರಿಗೆ ಗೊತ್ತು? ಪರದೆಗೇ ಗೊತ್ತು. ಅದರೊಳಗೆ 128 ಬೈಟ್‌ಗಳ ಒಂದು ಜಾತಕ ಇರುತ್ತದೆ, ಹೆಸರು ಇಡಿಐಡಿ. ವೆಸಾ ಸಂಸ್ಥೆ 1994ರಲ್ಲಿ ರೂಪಿಸಿದ ಕ್ರಮ ಅದು: ತಯಾರಕರು ಯಾರು, ಪರದೆಗೆ ಹಿತವಾದ ಅಳತೆ ಯಾವುದು, ಬಿಡುವು ಎಷ್ಟು. ಕೊನೆಯ ಬೈಟು ತಾಳೆ ನೋಡಲು. 128 ಬೈಟುಗಳ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಜಾತಕ ಕೆಟ್ಟಿದೆ ಎಂದರ್ಥ.

ಇಷ್ಟೆಲ್ಲ ಇದ್ದೂ 2005ರ ಸುಮಾರಿಗೆ ಇಂಟೆಲ್ ಚಿಪ್ಪಿನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದವರು ಪಟ್ಟ ಪಾಡು ಸಣ್ಣದಲ್ಲ. ಆಗಿನ ಡ್ರೈವರ್ ರೆಸಲ್ಯೂಶನ್ ಬದಲಿಸಲು ವಿಡಿಯೋ ಬಯಾಸ್‌ನ ಮೊರೆ ಹೋಗುತ್ತಿತ್ತು. ಬಯಾಸ್ ಬಳಿ ಇದ್ದದ್ದು ಮೊದಲೇ ಬರೆದಿಟ್ಟ ಪಟ್ಟಿ: 640×480, 800×600, 1024×768 ಹೀಗೆ. ಕಣ್ಣೆದುರಿನ ಪರದೆ 1280×800, ಪಟ್ಟಿಯಲ್ಲಿ ಆ ಸಾಲೇ ಇಲ್ಲ! ವಿಂಡೋಸ್ ಡ್ರೈವರ್‌ಗೆ ಈ ಪಟ್ಟಿಯ ಹಂಗು ಇರಲಿಲ್ಲ, ಹಾಗಾಗಿ ತಯಾರಕರಿಗೂ ತಲೆನೋವು ಇರಲಿಲ್ಲ.

ಆಗ ಅಲೈನ್ ಪೊಯಿರಿಯೆ ಎಂಬವರು ‘855ರೆಸಲ್ಯೂಶನ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಅದನ್ನೇ ಬೆಳೆಸಿ ಸ್ಟೀವ್ ಟಾಮ್ಲ್ಯಾನೊವಿಚ್ ‘915ರೆಸಲ್ಯೂಶನ್’ ಮಾಡಿದರು. ಉಪಾಯ ಬಲು ಚಂದ. ಯಂತ್ರ ಶುರುವಾಗುವಾಗ ವಿಡಿಯೋ ಬಯಾಸ್‌ನ ನಕಲೊಂದು ರ‍್ಯಾಮ್‌ಗೆ ಬರುತ್ತದೆ. ಆ ನಕಲಿನ ಪಟ್ಟಿಯಲ್ಲಿ ಬೇಡವಾದ ಒಂದು ಸಾಲನ್ನು ಅಳಿಸಿ ಅಲ್ಲಿ 1280×800 ಎಂದು ಬರೆಯುವುದು. ಮೂಲ ಚಿಪ್ಪಿಗೆ ಕೈ ಹಚ್ಚುವ ಅಪಾಯವಿಲ್ಲ. ಯಂತ್ರ ಆರಿಸಿದರೆ ಬರೆದದ್ದೂ ಹೋಯಿತು, ಮತ್ತೆ ಶುರುವಾದಾಗ ಮತ್ತೆ ಬರೆಯಬೇಕು. ದೊಡ್ಡ ಕಂಪನಿಯ ಸಹಾಯಕ್ಕೆ ಕಾಯದೆ ಬಳಕೆದಾರರೇ ಕಂಡುಕೊಂಡ ಇಂಥ ದಾರಿಗಳ ಬಗ್ಗೆ ನನಗೆ ಅಪಾರ ಗೌರವ.

ಶಾಶ್ವತ ಪರಿಹಾರ ಬಂದದ್ದು 2007ರಲ್ಲಿ. ಕೀತ್ ಪ್ಯಾಕರ್ಡ್, ಎರಿಕ್ ಆನ್‌ಹೋಲ್ಟ್, ಜೆಸ್ಸಿ ಬಾರ್ನ್ಸ್ ಮುಂತಾದವರು ದುಡಿದ ಇಂಟೆಲ್ ಡ್ರೈವರ್‌ನ 2.0 ಆವೃತ್ತಿ ಬಯಾಸ್ ಅನ್ನು ಬದಿಗಿಟ್ಟು ಪರದೆಯನ್ನೇ ವಿಚಾರಿಸತೊಡಗಿತು. 2009ರ ಮಾರ್ಚ್‌ನಲ್ಲಿ ಬಂದ 2.6.29 ಕರ್ನಲ್ ಇಂಟೆಲ್ ಚಿಪ್ಪುಗಳ ಮಟ್ಟಿಗೆ ಆ ಕೆಲಸವನ್ನು ತಾನೇ ವಹಿಸಿಕೊಂಡಿತು.

1366 ಎಂಬ ಅಂಕಿಯದ್ದೇ ಬೇರೆ ತಕರಾರು. 768ಕ್ಕೆ 16:9ರ ಅಗಲ 1365.33, ಮೇಲಕ್ಕೆ ಏರಿಸಿದರೆ 1366. ಆದರೆ ಸಿವಿಟಿ ಸೂತ್ರ ಎಂಟರ ಗುಣಕಗಳಲ್ಲಿ ಮಾತ್ರ ಲೆಕ್ಕ ಹಾಕುತ್ತದೆ, 1366 ಎಂಟರಿಂದ ಭಾಗವಾಗದು. ಇಡಿಐಡಿಯಲ್ಲಿ ಅಳತೆ ಬರೆಯುವ ಚಿಕ್ಕ ವಿಧಾನದಲ್ಲೂ ಅಗಲಕ್ಕೆ ಒಂದೇ ಬೈಟು: ಅದಕ್ಕೆ 31 ಕೂಡಿಸಿ ಎಂಟರಿಂದ ಗುಣಿಸಬೇಕು. ಅಲ್ಲಿ 1360 ಬರೆಯಬಹುದು, 1368 ಬರೆಯಬಹುದು, 1366 ಬರೆಯಲಾಗದು. ಅದಕ್ಕೆ 18 ಬೈಟಿನ ವಿವರವಾದ ವಿಧಾನವೇ ಬೇಕು. ಅದಕ್ಕೇ ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪುಟ್ಟ ತಿದ್ದುಪಡಿ ಕೂತಿದೆ: ಇಂಥ ಲೆಕ್ಕದಿಂದ 1368×768 ಬಂದರೆ ಅದನ್ನು 1366 ಎಂದು ತಿಳಿ.

ಈಗ ನಿಮ್ಮ ಲ್ಯಾಪ್‌ಟಾಪ್. ಟರ್ಮಿನಲ್‌ನಲ್ಲಿ ಎಕ್ಸ್‌ರ‍್ಯಾಂಡ್‌ಆರ್ ಆಜ್ಞೆ ಕೊಡಿ. ಬರುವ ಪಟ್ಟಿಯಲ್ಲಿ ನಕ್ಷತ್ರ ಇರುವುದು ಈಗಿನ ಅಳತೆ, ಕೂಡುವ ಚಿಹ್ನೆ ಇರುವುದು ಪರದೆಗೆ ಹಿತವಾದದ್ದು. ಪರದೆಯ ಹೆಸರು ಎಲ್‌ವಿಡಿಎಸ್ ಅಥವಾ ಇಡಿಪಿ ಎಂದಿರದೆ ‘ಡಿಫಾಲ್ಟ್’ ಎಂದಿದ್ದರೆ ನಿಜವಾದ ಡ್ರೈವರ್ ಏಳಲೇ ಇಲ್ಲ. ಇದಕ್ಕೆ ಬಹಳ ಸಲ ಕಾರಣ ‘ನೋಮೋಡ್‌ಸೆಟ್’ ಎಂಬ ಒಂದು ಪದ. ಇನ್‌ಸ್ಟಾಲ್ ಮಾಡುವಾಗ ‘ಸೇಫ್ ಗ್ರಾಫಿಕ್ಸ್’ ಆಯ್ದುಕೊಂಡಿದ್ದರೆ ಅದು ಲಿನಕ್ಸನ್ನು ಚಾಲೂ ಮಾಡುವ ಗ್ರಬ್‌ನ ಸಾಲಿನಲ್ಲಿ ಉಳಿದುಬಿಡುವುದುಂಟು. ಆ ಪದ ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ. ಹದಿನೈದು ವರ್ಷ ಹಳೆಯ ಸಲಹೆ ನಂಬಿ ಮೋಡ್‌ಲೈನ್‌ಗಳನ್ನು ಕೈಯಿಂದ ಬರೆಯಲು ಹೋಗಬೇಡಿ. ಜಾತಕವೇ ಕೆಟ್ಟ ಪರದೆಗೆ ಮಾತ್ರ ಅದು ಬೇಕಾಗುತ್ತದೆ.

ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರ್ ಹಚ್ಚಿದಾಗಲೂ ಇದೇ ಕಾಟ ಬರಬಹುದು. ಇಡಿಐಡಿ ವಿಜಿಎ ಕೇಬಲ್ಲಿನ 12 ಮತ್ತು 15ನೇ ಪಿನ್‌ಗಳಲ್ಲಿ ಹರಿಯುತ್ತದೆ. ಅವುಗಳಲ್ಲೊಂದು ಮುರಿದಿದ್ದರೆ ಜಾತಕ ತಲುಪದು, ಲಿನಕ್ಸ್ 1024×768ಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ ಕೆದಕುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ.